ಎರಡು ಹಲ್ಲಿನ ಹಾಡು

ಲೋಧಿ ಕಾಲೋನಿ, ಹೊಸದಿಲ್ಲಿ
ಸೋಮವಾರ, 19 ಫೆಬ್ರುವರಿ 2024

ಪ್ರೀತಿಯ ಅಕ್ಕಾ,

ನಿನ್ನ ತಮ್ಮ ಮೂರ್ತಿ ಇಲ್ಲಿಂದಲೇ ನಿನ್ನ ಕಾಲು ಮುಟ್ಟಿ ನಮಸ್ಕರಿಸುತ್ತಿದ್ದಾನೆ. ಮೊದಲು ನಿನ್ನ ಮಂಡಿಯ ವಿಚಾರ ಹೇಳು. ನೀನು ಈಗ ಕೋಲಿಲ್ಲದೆ ಹಿತ್ತಲಿನವರೆಗೂ ಹೋಗಿ ಬರುತ್ತೀಯಂತೆ. ಧಾರಿಣಿ ಮೊನ್ನೆ ಫೋನಿನಲ್ಲಿ ಬಹಳ ಹೆಮ್ಮೆಯಿಂದ ಹೇಳಿದಳು, ನಾನು ಅವಳನ್ನೇ ಗದರಿದೆ. ನಿನ್ನ ಮಗಳಾಗಿ ನಿನ್ನ ಹಠ ಅವಳಿಗೆ ಇನ್ನೂ ಗೊತ್ತಾಗಿಲ್ಲವೆಂದರೆ ಏನು ಹೇಳುವುದು. ಕೋಲು ಹಿಡಿದು ನಡೆದರೆ ಯಾರೂ ನಿನ್ನನ್ನು ಮುದುಕಿ ಎನ್ನುವುದಿಲ್ಲ, ನಿನ್ನೆದುರು ಹಾಗೆನ್ನುವ ಧೈರ್ಯ ದಾವಣಗೆರೆಯಲ್ಲಿ ಯಾರಿಗೂ ಇಲ್ಲ. ಕಿವಿಯ ಮಿಷನ್ನನ್ನಂತೂ ಡಬ್ಬಿಯಿಂದ ಹೊರಗೇ ತೆಗೆಯುವುದಿಲ್ಲವಂತೆ. ಅದು ಗುಂಯ್ ಎನ್ನುತ್ತದೆ ಎಂದು ನೀನು ದೂರುವುದು ಸರಿಯೇ ಇರಬಹುದು, ಆದರೂ ದಿನಕ್ಕೆ ಸ್ವಲ್ಪ ಹೊತ್ತಾದರೂ ಹಾಕಿಕೋ.

ಮನೆಗೊಂದರಂತೆ ಫೋನಿರುವ ಕಾಲದಲ್ಲಿ ಇವನಿಗೇನು ಬಂತು ಕಾಗದ ಬರೆಯುವ ಹುಚ್ಚು ಎಂದುಕೊಳ್ಳಬೇಡ. ಫೋನಿನಲ್ಲಿ ನಾನು ಎಷ್ಟು ಕಿರುಚಿದರೂ ನಿನಗೆ ಅರ್ಧವೂ ತಲುಪುವುದಿಲ್ಲ. ಕೊನೆಗೆ ಇಬ್ಬರೂ ಊಟ ಆಯ್ತಾ ಊಟ ಆಯ್ತಾ ಎಂದು ಕೂಗಿ ಇಟ್ಟುಬಿಡುತ್ತೇವೆ. ಧಾರಿಣಿಯ ಕೈಲಿ ಹೇಳಿಸಬಹುದಿತ್ತು. ಆದರೆ ಈ ವಿಷಯವನ್ನು ನಡುವೆ ಇನ್ನೊಬ್ಬರನ್ನು ನಿಲ್ಲಿಸಿಕೊಂಡು ಕೇಳಲು ನನಗೆ ಮನಸ್ಸಾಗಲಿಲ್ಲ. ಅಕ್ಷರ ದಪ್ಪವಾಗಿಯೇ ಬರೆಯುತ್ತಿದ್ದೇನೆ. ಓದಿ ಮುಗಿಸುವವರೆಗೂ ಯಾರ ಕೈಗೂ ಕೊಡಬೇಡ.

ಇಲ್ಲಿ ನಾವು ಚೆನ್ನಾಗಿದ್ದೇವೆ ಎಂದೇ ಹೇಳಬೇಕು. ಚಳಿ ಇಳಿಯುತ್ತಿದೆ, ಬೆಳಿಗ್ಗೆ ಬೇವಿನ ಮರದ ಕೆಳಗೆ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೂರುವ ಸುಖ ಇನ್ನು ಸ್ವಲ್ಪ ದಿನ ಅಷ್ಟೆ. ಲೀಲಾಳ ಬಿ.ಪಿ. ಹತೋಟಿಯಲ್ಲಿದೆ, ಅವಳ ಬಾಯಿ ಮಾತ್ರ ಇಲ್ಲ. ಮಗ ಚಂದ್ರಕಾಂತನಿಗೆ ಆಫೀಸಿನಲ್ಲಿ ಬಡ್ತಿ ಬರುವ ಹಾಗಿದೆ. ಬಂದರೆ ಈ ಕ್ವಾರ್ಟರ್ಸು ಬಿಟ್ಟು ದೊಡ್ಡದಕ್ಕೆ ಹೋಗಬೇಕಾಗುತ್ತದೆಂದು ನಮಗೆ ಈಗಲೇ ಬೇಸರ. ಸೊಸೆ ಶ್ರೀಲಕ್ಷ್ಮಿ ನೀನು ಕಳಿಸಿದ ಶೇಂಗಾ ಚಟ್ನಿಪುಡಿಯನ್ನು ಬೀಗ ಹಾಕಿ ಇಟ್ಟಿದ್ದಾಳೆ, ನನಗೆ ಕೊಡುವಾಗ ಮಾತ್ರ ಚಮಚ ಸಣ್ಣದಾಗುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಮೊಮ್ಮಗಳು ಹಂಸಿನಿ ನೋಯ್ಡಾದ ಕಾಲೇಜಿನಲ್ಲಿ ಸಿನಿಮಾ ಮಾಡುವುದನ್ನು ಕಲಿಯುತ್ತಿದ್ದಾಳೆ ಎಂದು ನಿನಗೆ ಗೊತ್ತು. ಈ ವರ್ಷ ಅವಳೇ ಒಂದು ಪುಟ್ಟ ಚಿತ್ರ ಮಾಡಬೇಕಿತ್ತು. ನಮ್ಮ ಕಾಲೋನಿಯಲ್ಲಿ ಎಲ್ಲ ರಾಜ್ಯದವರೂ ಇದ್ದಾರಲ್ಲ, ಯಾವ ಮನೆಯಲ್ಲಿ ಮಗುವನ್ನು ಯಾವ ಹಾಡು ಹೇಳಿ ಮಲಗಿಸುತ್ತಾರೆ ಎಂಬುದನ್ನೇ ಅವಳು ಚಿತ್ರ ಮಾಡಿದಳು. ಎದುರು ಬ್ಲಾಕಿನ ಬಂಗಾಳಿ ಅಜ್ಜಿ ಹಾಡಿದರು, ಗಢವಾಲದ ಡ್ರೈವರನ ಹೆಂಡತಿ ಮುಖಕ್ಕೆ ಸೆರಗು ಮುಚ್ಚಿಕೊಂಡು ಹಾಡಿದಳು, ಮೇಲಿನ ಮನೆಯ ತಮಿಳರು ಗಂಡ ಹೆಂಡತಿ ಇಬ್ಬರೂ ಹಾಡಿದರು. ಕೊನೆಯಲ್ಲಿ ನಮ್ಮ ಮನೆ. ನಾನು ಹಾಡಿದರೆ ಮಲಗಿದ ಮಗು ಎದ್ದು ಕೂರುತ್ತದೆ, ಅದು ನಿನಗೂ ಗೊತ್ತು. ಹಾಗಾಗಿ ನಿಮ್ಮ ಬೀದಿಯ ಭಜನಾ ಮಂಡಳಿಯ ಹೆಂಗಸರೆಲ್ಲ ಸೇರಿ ಹಿಂದೆ ಒಂದು ತೊಟ್ಟಿಲು ಹಾಡಿನ ಕ್ಯಾಸೆಟ್ಟು ಮಾಡಿದ್ದಿರಲ್ಲ, ಅದರಲ್ಲಿ ನೀನು ಒಬ್ಬಳೇ ಹಾಡಿದ ಜೋಲಿಯ ಹಾಡನ್ನು ಅವಳು ಹಾಕಿದಳು. ಅದಕ್ಕೆ ಮುಂಚೆ ನಾನು ಕುರ್ಚಿಯಲ್ಲಿ ಕೂತು ಒಂದೆರಡು ಮಾತು ಹೇಳುತ್ತೇನೆ. 'ಇದು ನನ್ನ ಅಮ್ಮ ನನಗೆ ಹಾಡಿದ್ದು. ನನಗೆ ಎರಡು ತಿಂಗಳು ತುಂಬುವ ಮೊದಲೇ ಅವಳು ಹೋದಳು. ಅವಳ ಮುಖ ನನಗೆ ಗೊತ್ತಿಲ್ಲ, ಫೋಟೋ ಕೂಡ ಇಲ್ಲ. ಈ ಹಾಡೊಂದೇ ಅವಳು ನನಗೆ ಬಿಟ್ಟುಹೋದದ್ದು.' ಆಮೇಲೆ ನಿನ್ನ ದನಿ ಬರುತ್ತದೆ, ಚಿತ್ರ ಮುಗಿಯುತ್ತದೆ. ಕಾಲೇಜಿನಲ್ಲಿ ತೋರಿಸಿದಾಗ ಮೇಷ್ಟ್ರುಗಳೂ ಕಣ್ಣೊರೆಸಿಕೊಂಡರಂತೆ. ಈಗ ಅದು ದಿಲ್ಲಿಯಲ್ಲೇ ನಡೆಯುವ ವಿದ್ಯಾರ್ಥಿಗಳ ಚಿತ್ರೋತ್ಸವಕ್ಕೆ ಆಯ್ಕೆಯಾಗಿದೆ. ಮಗು ನೆಲದ ಮೇಲೆ ನಿಲ್ಲುತ್ತಿರಲಿಲ್ಲ ಅಕ್ಕಾ, ಅಷ್ಟು ಸಂತೋಷ.

ಆ ಸಂತೋಷಕ್ಕೆ ಚಿತ್ರೋತ್ಸವದವರ ಒಂದು ಕಾಗದ ಅಡ್ಡ ಬಂತು. ಉಳಿದವರೆಲ್ಲ ಕ್ಯಾಮೆರಾದ ಮುಂದೆ ತಾವೇ ಹಾಡಿ ತಾವೇ ಸಹಿ ಹಾಕಿಕೊಟ್ಟಿದ್ದಾರೆ, ಅವರದು ತೊಂದರೆಯಿಲ್ಲ. ನಮ್ಮದು ಮಾತ್ರ ಮಾರಾಟಕ್ಕೆ ಬಂದಿದ್ದ ಕ್ಯಾಸೆಟ್ಟಿನ ಹಾಡು. ಹಾಡಿನ ಹಕ್ಕು ಯಾರದೋ ಅವರಿಂದ ಅನುಮತಿ ತರಬೇಕು, ಈ ತಿಂಗಳ ಕೊನೆಯೊಳಗೆ ಕೊಡದಿದ್ದರೆ ಚಿತ್ರ ಪಟ್ಟಿಯಿಂದ ಹೊರಗೆ. ಹಂಸಿನಿ ಮುಖ ಸಣ್ಣ ಮಾಡಿಕೊಂಡು 'ತಾತ, ಮ್ಯೂಸಿಕ್ ಪರ್ಮಿಷನ್ ಬೇಕು, ಪ್ಲೀಸ್' ಎಂದು ನನ್ನ ಹತ್ತಿರ ಬಂದಳು. ಒಂದು ಸಚಿವಾಲಯದಲ್ಲಿ ಇಡೀ ಆಯುಸ್ಸು ಫೈಲು ನೂಕಿದವನು ನಾನು. ಪರ್ಮಿಷನ್ನು ತಾನೆ, ಸಂಜೆಯೊಳಗೆ ತಂದುಕೊಡುತ್ತೇನೆ ಹೋಗು ಮರಿ ಎಂದೆ.

ಎಲ್ಲಿಗೆ ಹೋದೆ ಗೊತ್ತೇ? ಪೊಲೀಸ್ ಠಾಣೆಗೆ! ನಗಬೇಡ. ಪ್ರತಿ ವರ್ಷ ಕಾಲೋನಿಯ ಗಣಪತಿಗೆ ಮೈಕಿನ ಪರ್ಮಿಷನ್ನು ತರುವವನು ನಾನೇ, ನನಗೆ ತಿಳಿದ ಮ್ಯೂಸಿಕ್ ಪರ್ಮಿಷನ್ನು ಅದೊಂದೇ. ನೀಟಾಗಿ ಅರ್ಜಿ ಬರೆದು, ಹಾಡಿನ ವಿವರ, ಹಾಡಿದವರ ಹೆಸರು, ಉದ್ದೇಶ ಎಲ್ಲ ಸೇರಿಸಿ ಕೊಟ್ಟೆ. ಅಲ್ಲಿನ ಹವಾಲ್ದಾರ ಓದಿ, 'ಅಂಕಲ್‌ಜೀ, ಶಾದಿ ಹೈ ಕ್ಯಾ ಘರ್ ಮೇಂ?' ಎಂದು ಕೇಳಿದ. ಮದುವೆಯಲ್ಲಪ್ಪ, ಲೋರಿ, ಮಗು ಮಲಗಿಸುವ ಹಾಡು ಎಂದೆ. 'ಲೋರಿ ಕೇ ಲಿಯೇ ಪರ್ಮಿಷನ್?' ಎಂದು ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಪಾಪ, ಮೊದಲು ಒಂದು ಕಪ್ ಚಹಾ ತರಿಸಿದ. ಆಮೇಲೆ ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟು, ರಾತ್ರಿ ಹತ್ತರವರೆಗೆ ಸಣ್ಣ ದನಿಯಲ್ಲಿ ನುಡಿಸಬಹುದು ಎಂದು ಠಸ್ಸೆ ಒತ್ತಿಕೊಟ್ಟ. ನಾನು ಗೆದ್ದು ಬಂದವನ ಹಾಗೆ ಅದನ್ನು ಹಂಸಿನಿಯ ಕೈಯಲ್ಲಿಟ್ಟೆ. ಅವಳು ನಕ್ಕು ನಕ್ಕು ನೆಲದ ಮೇಲೇ ಕೂತುಬಿಟ್ಟಳು. ಲೀಲಾ ಅಡುಗೆಮನೆಯಿಂದಲೇ, 'ಜೋಗುಳಕ್ಕೆ ಪೊಲೀಸರ ಅಪ್ಪಣೆ ತಂದ ಮಹಾನುಭಾವ ಈ ಲೋಕದಲ್ಲಿ ನೀವೊಬ್ಬರೇ' ಎಂದಳು. ಆ ಮಾತು ಈಗ ಕಾಲೋನಿಯೆಲ್ಲ ಓಡಾಡುತ್ತಿದೆ.

ಅಷ್ಟಕ್ಕೆ ಬುದ್ಧಿ ಬಂತೇ? ಇಲ್ಲ. ಮರುದಿನ ನಮ್ಮ ಕನ್ನಡ ಬಳಗದ ಕಾರ್ಯದರ್ಶಿ ಮರಿಯಪ್ಪನ ಮನೆಗೆ ಹೋದೆ. ಕನ್ನಡದ ಹಾಡಿಗೆ ದಿಲ್ಲಿಯಲ್ಲಿ ಕನ್ನಡದವರನ್ನು ಬಿಟ್ಟರೆ ಇನ್ಯಾರು ಸಂಬಂಧಪಟ್ಟವರು ಎಂದು ನನ್ನ ಲೆಕ್ಕಾಚಾರ. ಮರಿಯಪ್ಪ ಒಳ್ಳೆಯ ಮನುಷ್ಯ, ಹಿಂದುಮುಂದು ನೋಡಲಿಲ್ಲ. 'ಕನ್ನಡ ಹಾಡು ಅಂದ್ಮೇಲೆ ನಮ್ದೇ ಬಿಡಿ ಸಾರ್' ಎಂದು ಬಳಗದ ಲೆಟರ್‌ಹೆಡ್ಡಿನ ಮೇಲೆ 'ನಮ್ಮ ಆಕ್ಷೇಪಣೆ ಇರುವುದಿಲ್ಲ' ಎಂದು ಬರೆದು ಸೀಲು ಹಾಕಿಕೊಟ್ಟ. ಜೊತೆಗೆ ಯುಗಾದಿ ಕಾರ್ಯಕ್ರಮಕ್ಕೆ ನನ್ನಿಂದ ಭಾಷಣದ ಮಾತೂ ತೆಗೆದುಕೊಂಡ. ಹಂಸಿನಿ ಈ ಸಲ ನಗಲಿಲ್ಲ. 'ತಾತಾ, ಯೇ ಉನ್‌ಕಾ ಹೈ ಹೀ ನಹೀಂ. ಅವರದು ಅಲ್ಲದ್ದಕ್ಕೆ ಅವರು ಹೇಗೆ ಪರ್ಮಿಷನ್ ಕೊಡ್ತಾರೆ?' ಎಂದಳು. ಅವರದಲ್ಲದಿದ್ದರೆ ಮತ್ತೆ ಯಾರದು ಎಂದು ನಾನು ರೇಗಿದೆ. ರೇಗಿದ್ದು ಅವಳ ಮೇಲೆ, ಆದರೆ ಆ ಪ್ರಶ್ನೆ ಬಂದು ಕೂತದ್ದು ನನ್ನ ತಲೆಯಲ್ಲಿ.

ಹಂಸಿನಿಯ ಗೆಳತಿ ಪ್ರೇರಣಾ ಎಂಬ ಹುಬ್ಬಳ್ಳಿಯ ಹುಡುಗಿ ಇಲ್ಲೇ ಒಬ್ಬ ವಕೀಲರ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಅವಳು ಬಂದು ನನಗೆ ಪಾಠ ಮಾಡಿದಳು. ಒಂದು ಹಾಡು ಅಂದರೆ ಒಂದಲ್ಲವಂತೆ ಅಕ್ಕಾ. ಪದ ಕಟ್ಟಿದವರ ಹಕ್ಕು ಬೇರೆ, ಧಾಟಿ ಕಟ್ಟಿದವರ ಹಕ್ಕು ಬೇರೆ, ಹಾಡಿದ್ದನ್ನು ರೆಕಾರ್ಡು ಮಾಡಿದ ಕಂಪನಿಯ ಹಕ್ಕು ಬೇರೆ. ಒಬ್ಬರು ಕೊಟ್ಟರೆ ಇನ್ನೊಬ್ಬರು ಕೊಟ್ಟ ಹಾಗಲ್ಲ. ಹಾಗಾದರೆ ಮಗುವನ್ನು ಮಲಗಿಸುವವಳು ಮೂರು ಮನೆ ಬಾಗಿಲು ತಟ್ಟಿ ಬರಬೇಕೇನಮ್ಮ ಎಂದೆ. 'ಇಲ್ರೀ ಅಜ್ಜಾ, ಮನ್ಯಾಗ ಹಾಡಿದ್ರ ಯಾರೂ ಕೇಳಂಗಿಲ್ಲ. ನಾಲ್ಕು ಮಂದೀಗೆ ತೋರಿಸಬೇಕಂದ್ರ ಕೇಳಬೇಕು' ಎಂದಳು. ನಾನು ತಲೆಯಾಡಿಸಿದೆ. ನಿಜ ಹೇಳುತ್ತೇನೆ, ತಲೆಬುಡ ಅರ್ಥವಾಗಲಿಲ್ಲ. ನಮ್ಮ ಹಾಡು, ನಮ್ಮ ಅಮ್ಮನದು, ಹಾಡಿದ್ದು ನಮ್ಮ ಅಕ್ಕ, ತೋರಿಸುವುದು ನಮ್ಮ ಮೊಮ್ಮಗಳು. ಇದರ ನಡುವೆ ಹೊರಗಿನವರು ಎಲ್ಲಿಂದ ಬಂದರು? ಪ್ರೇರಣಾ ಹೊರಡುವಾಗ ಇನ್ನೊಂದು ಮಾತು ಹೇಳಿದಳು. ಪದ ಮತ್ತು ಧಾಟಿ ನಿಜವಾಗಿಯೂ ಅಮ್ಮನದೇ ಆದರೆ ಆ ಎರಡಕ್ಕೆ ಯಾರನ್ನೂ ಕೇಳಬೇಕಾಗಿಲ್ಲ, ಕಟ್ಟಿದವರು ತೀರಿಕೊಂಡು ಅರವತ್ತು ವರ್ಷ ದಾಟಿದರೆ ಅದು ಎಲ್ಲರದೂ ಆಗಿಬಿಡುತ್ತದಂತೆ. ಉಳಿಯುವುದು ಕ್ಯಾಸೆಟ್ಟಿನ ಕಂಪನಿಯೊಂದೇ. ನನಗೆ ಜೀವ ಬಂದ ಹಾಗಾಯಿತು.

ಕಂಪನಿ ಹುಡುಕುವ ಕೆಲಸ ಧಾರಿಣಿಗೆ ಹಚ್ಚಿದೆ, ನಿನಗೆ ಹೇಳಬೇಡ ಎಂದು ನಾನೇ ಹೇಳಿದ್ದೆ, ಅವಳನ್ನು ಬೈಯಬೇಡ. ನಿಮ್ಮೂರಿನ ಆ ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿದೆ. ಮಾಲೀಕರ ಮಗ ಈಗ ಟೈಲ್ಸ್ ಮಾರುತ್ತಾನೆ. ಹಳೆಯ ಕ್ಯಾಸೆಟ್ಟುಗಳನ್ನು ಹಕ್ಕಿನ ಸಮೇತ ಅಪ್ಪ ಒಂದೇ ಗಂಟಿನಲ್ಲಿ ದಿಲ್ಲಿಯವರೊಬ್ಬರಿಗೆ ಮಾರಿದ್ದರು ಎಂದು ಅವನೇ ವಿಳಾಸ ಕೊಟ್ಟ. ದಿಲ್ಲಿಯ ರೋಹಿಣಿ ಬಡಾವಣೆ! ನಿನ್ನ ಹಾಡು ಇಷ್ಟು ವರ್ಷ ನಮ್ಮ ಊರಲ್ಲೇ, ಮೆಟ್ರೋದಲ್ಲಿ ಹೋಗಿ ಬರುವ ದೂರದಲ್ಲಿ ಕೂತಿತ್ತು ಅಕ್ಕಾ, ನಮಗೆ ಸುಳಿವೇ ಇರಲಿಲ್ಲ.

ಕಳೆದ ಗುರುವಾರ ನಾನೂ ಹಂಸಿನಿಯೂ ಹೋದೆವು. ಗುಲ್‌ಶನ್ ಅರೋರಾ ಎಂಬ ಪಂಜಾಬಿ, ನನಗಿಂತ ಒಂದೆರಡು ವರ್ಷ ಚಿಕ್ಕವರಿರಬೇಕು. ಮಾರ್ಕೆಟ್ಟಿನ ಮೊದಲ ಮಹಡಿಯಲ್ಲಿ ಒಂದು ಅಂಗಡಿ, ಗೋಡೆ ತುಂಬ ಕ್ಯಾಸೆಟ್ಟುಗಳು. ಭೋಜಪುರಿ, ಗುಜರಾತಿ, ಒಡಿಯಾ, ಕನ್ನಡ, ಯಾವ ಭಾಷೆಯೂ ಆ ಮನುಷ್ಯನಿಗೆ ಬರುವುದಿಲ್ಲ, ಎಲ್ಲವೂ ಅವನದೇ! ಭಕ್ತಿಗೀತೆ, ತೊಟ್ಟಿಲು ಹಾಡುಗಳು ಯಾವ ಕಾಲಕ್ಕೂ ಬೇಕಾಗುತ್ತವೆ ಎಂದು ಸಿಕ್ಕಿದ್ದನ್ನೆಲ್ಲ ಕೊಂಡಿಟ್ಟರಂತೆ. ನಾನು ಜಗಳಕ್ಕೆ ಸಿದ್ಧನಾಗಿಯೇ ಹೋಗಿದ್ದೆ. ಅವರು ಜಗಳಕ್ಕೆ ಅವಕಾಶವನ್ನೇ ಕೊಡಲಿಲ್ಲ. 'ಬಚ್ಚೀ ಪಢ್ ರಹೀ ಹೈ, ಲೇ ಲೋ ಬೇಟಾ', ಓದುವ ಮಗು, ತಗೋ ಎಂದು ಹಂಸಿನಿ ತಂದಿದ್ದ ಕಾಗದಕ್ಕೆ ಆಗಲೇ ಸಹಿ ಹಾಕಿಕೊಟ್ಟರು. ಮೇಲೆ ಒಂದು ಎಚ್ಚರಿಕೆಯನ್ನೂ ಕೊಟ್ಟರು. 'ರೆಕಾರ್ಡಿಂಗ್ ಮೇರೀ ಹೈ ಜೀ, ಗಾನಾ ಮೇರಾ ನಹೀಂ. ಜಿಸ್‌ನೇ ಬನಾಯಾ, ಉನ್‌ಸೇ ಪೂಛ್ ಲೇನಾ.' ರೆಕಾರ್ಡು ಮಾತ್ರ ನನ್ನದು, ಹಾಡು ಕಟ್ಟಿದವರನ್ನು ಕೇಳಿಕೊಳ್ಳಿ ಎಂದು. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಎಲ್ಲ ಹಾಡಿಗೂ 'ಸಾಂಪ್ರದಾಯಿಕ' ಎಂದೇ ಅಚ್ಚಾಗಿತ್ತು. ನಾನು ಎದೆಯುಬ್ಬಿಸಿಕೊಂಡು ಬನಾಯಾ ಮೇರೀ ಮಾಂ ನೇ, ಕಟ್ಟಿದ್ದು ನನ್ನ ಅಮ್ಮ ಎಂದೆ.

ಅವರು ಆ ಹಾಡನ್ನು ಹಾಕಿ ಕೇಳಿಸಿದರು. ನಮ್ಮ ಮನೆಯ ಕ್ಯಾಸೆಟ್ಟು ಸವೆದು ಹೋಗಿದೆ. ಇದು ಅಸಲು, ನಿನ್ನ ದನಿ ನೀನೇ ಆ ಅಂಗಡಿಯಲ್ಲಿ ನಿಂತು ಹಾಡಿದಷ್ಟು ಸ್ಪಷ್ಟವಾಗಿತ್ತು. ಈ ದನಿಯನ್ನು ಊರೆಲ್ಲ ಕೇಳಬಹುದು, ನೀನೊಬ್ಬಳು ಕೇಳಲಾರೆ ಎಂದು ಹೊಟ್ಟೆ ಉರಿಯಿತು. ಹಾಡು ಮುಗಿದ ಮೇಲೆ ಗುಲ್‌ಶನ್ ಅವರು, ಎಷ್ಟೋ ಸಲ ಕೇಳಿದ್ದೇನೆ, ಇದರ ಅರ್ಥವೇನು ಭಾಯಿಸಾಬ್ ಎಂದು ಕೇಳಿದರು. ಇಷ್ಟು ವರ್ಷದಲ್ಲಿ ಆ ಹಾಡಿನ ಅರ್ಥವನ್ನು ನನ್ನನ್ನು ಯಾರೂ ಕೇಳಿರಲಿಲ್ಲ ಅಕ್ಕಾ. ಗೊತ್ತಿರುವ ಹಾಡಿನ ಅರ್ಥ ಯಾರು ಕೇಳುತ್ತಾರೆ? ಒಂದೊಂದೇ ಸಾಲನ್ನು ಹಿಂದಿಗೆ ಎಳೆದು ಹೇಳತೊಡಗಿದೆ.

ಜೋಲಿಯ ಕಟ್ಟೇನ ಹಳೆ ಸೀರೆ ನೆರಳಾಗ
ಮೇಲಿನ ಮನೆಯಾಕೆ ಎಮ್ಮೆಯ ಹಿಂಡ್ಯಾಳ
ಹಾಲ ತಂದಾಳ ಎರಡ್ಹಲ್ಲ ನಗೆಗೆ

ಹಳೆಯ ಸೀರೆಯಲ್ಲಿ ಜೋಲಿ ಕಟ್ಟುತ್ತೇನೆ ಎಂದೆ. ಮೇಲಿನ ಮನೆಯವಳು ಎಮ್ಮೆ ಹಿಂಡುತ್ತಾಳೆ ಎಂದೆ. ಮಗುವಿನ ಎರಡು ಹಲ್ಲಿನ ನಗು ನೋಡಿ ಹಾಲು ತಂದುಕೊಡುತ್ತಾಳೆ ಎಂದೆ. ಅವರು ವಾಹ್ ವಾಹ್ ಎಂದವರು ಏನೂ ಕಪಟವಿಲ್ಲದೆ ಕೇಳಿದರು. 'ಮಾಂ ಗಾ ರಹೀ ಹೈ, ತೋ ದೂಧ್ ಪಡೋಸನ್ ಕ್ಯೋಂ ದೇ ರಹೀ ಹೈ?' ಹಾಡುತ್ತಿರುವವಳು ತಾಯಿಯಾದರೆ ಹಾಲನ್ನು ನೆರೆಮನೆಯವಳು ಯಾಕೆ ಕೊಡುತ್ತಾಳೆ ಎಂದು.

ಹಂಸಿನಿ ನನ್ನ ಮುಖ ನೋಡಿದಳು. ಅವಳಿಗೆ ಅರ್ಧ ಕನ್ನಡ ಬರುತ್ತದೆ, ಆದರೆ ಲೆಕ್ಕ ಪೂರ್ತಿ ಬರುತ್ತದೆ. 'ತಾತ, ಎರಡು ತಿಂಗಳ ಬೇಬಿಗೆ ಹಲ್ಲು ಇರತ್ತಾ?' ಎಂದು ಮೆಲ್ಲಗೆ ಕೇಳಿದಳು.

ಆಮೇಲೆ ಗುಲ್‌ಶನ್ ಅವರು ಏನು ಮಾತಾಡಿದರೋ, ನಾವು ಲಸ್ಸಿ ಕುಡಿದೆವೋ ಬಿಟ್ಟೆವೋ ನನಗೆ ನೆನಪಿಲ್ಲ. ಮೆಟ್ರೋದಲ್ಲಿ ನಮ್ಮ ಸ್ಟೇಷನ್ನು ದಾಟಿ ಮುಂದೆ ಹೋಗಿ ಮತ್ತೆ ವಾಪಸು ಬಂದೆವು. ಮೇಲಿನ ಮನೆಯಾಕೆ ಅಂದರೆ ಹೊಳಲ್ಕೆರೆಯಲ್ಲಿ ನಮ್ಮ ಮನೆಯ ಮೇಲುಗಡೆ ಇದ್ದ ರುದ್ರಮ್ಮನವರಲ್ಲವೇ? ಅವರ ಎಮ್ಮೆ ಹಾಲು ಕುಡಿದು ಬೆಳೆದವನು ನೀನು, ಅವರು ಎದುರಿಗೆ ಬಂದರೆ ನಮಸ್ಕಾರ ಮಾಡು ಎಂದು ನೀನೇ ನನಗೆ ಕಲಿಸಿದ್ದೆ. ನನಗೆ ಹಲ್ಲು ಬರುವಷ್ಟರಲ್ಲಿ ಅಮ್ಮ ಹೋಗಿ ಅರ್ಧ ವರ್ಷವೇ ಆಗಿತ್ತು. ಎಲ್ಲವೂ ನನಗೆ ಗೊತ್ತಿದ್ದದ್ದೇ. ಹಾಡಂತೂ ಬಾಯಿಪಾಠ, ಚಂದ್ರಕಾಂತನನ್ನು ಮಲಗಿಸಿದ್ದೂ ಅದರಿಂದಲೇ, ಹಂಸಿನಿಯನ್ನು ಮಲಗಿಸಿದ್ದೂ ಅದರಿಂದಲೇ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ, ಅಷ್ಟೆ. ಮೂರು ಸಾಲಿನ ಟಿಪ್ಪಣಿಯಲ್ಲಿ ಮೂವತ್ತು ತಪ್ಪು ಹುಡುಕುತ್ತಾನೆ ಎಂದು ಆಫೀಸಿನಲ್ಲಿ ನನ್ನನ್ನು ಬೈದುಕೊಳ್ಳುತ್ತಿದ್ದರು, ಆ ನಾನೇ ಹೀಗೆ.

ಮನೆಗೆ ಬಂದ ಮೇಲೆ ಪ್ರೇರಣಾಳ ಮಾತು ಮತ್ತೆ ಎದುರಿಗೆ ಬಂದು ನಿಂತಿತು. ಹಾಡು ಅಮ್ಮನದಾದರೆ ಯಾರ ಅನುಮತಿಯೂ ಬೇಡ, ಚಿತ್ರ ಇದ್ದ ಹಾಗೇ ಹೋಗುತ್ತದೆ, ನಾನು ಕುರ್ಚಿಯಲ್ಲಿ ಕೂತು ಹೇಳಿದ ಮಾತೂ ಹಾಗೇ ಇರುತ್ತದೆ. ಅಮ್ಮನದಲ್ಲವಾದರೆ ಕಟ್ಟಿದವರನ್ನು ಕೇಳಬೇಕು, ಅವರು ಒಪ್ಪದಿದ್ದರೆ ಹಾಡಿಲ್ಲ. ಬರೆಯಬೇಕಾದದ್ದು ಒಂದು ಹೆಸರು. ಲೀಲಾ, 'ಎಪ್ಪತ್ತು ವರ್ಷ ಅಮ್ಮನ ಹಾಡು ಅಂತ ನಂಬಿದ್ದೀರಿ, ಹಾಗೇ ಇರಲಿ ಬಿಡಿ, ಯಾರಿಗೇನು ನಷ್ಟ' ಎನ್ನುತ್ತಾಳೆ. ಅವಳು ಹೇಳುವುದೂ ಸರಿ ಎನಿಸುತ್ತದೆ. ಹಂಸಿನಿ, 'ತಪ್ಪು ಹೆಸರು ಹಾಕಿದರೆ ನನ್ನ ಫಿಲ್ಮ್ ಸುಳ್ಳಾಗತ್ತೆ ತಾತ' ಎನ್ನುತ್ತಾಳೆ. ಅದೂ ಸರಿ ಎನಿಸುತ್ತದೆ. ನನಗಂತೂ ಸಂತೋಷ ಪಡಬೇಕೋ ಅಳಬೇಕೋ ತಿಳಿಯುತ್ತಿಲ್ಲ. ಅಮ್ಮ ಬಿಟ್ಟುಹೋದದ್ದು ಇದೊಂದೇ ಎಂದು ಹಿಡಿದುಕೊಂಡಿದ್ದೆ. ಅದೂ ಅವಳದಲ್ಲ ಎಂದಾಗ ಈ ವಯಸ್ಸಿನಲ್ಲಿ ಇನ್ನೊಂದು ಸಲ ತಬ್ಬಲಿಯಾದ ಹಾಗೆ ಆಯಿತು. ಅದೇ ಹೊತ್ತಿಗೆ ಶಾಲೆ ಬಿಡಿಸಿ ಮನೆಯಲ್ಲಿ ನಿಲ್ಲಿಸಿದ ಒಬ್ಬ ಹನ್ನೆರಡು ವರ್ಷದ ಹುಡುಗಿ, ಅಮ್ಮನ ಸೀರೆಯನ್ನು ತೊಲೆಗೆ ಕಟ್ಟಿ ಜೋಲಿ ಮಾಡಿ ತೂಗುತ್ತಿರುವುದು ಕಣ್ಣ ಮುಂದೆ ಬರುತ್ತದೆ. ಹಾಗೆ ಬಂದಾಗ ತಬ್ಬಲಿ ಎಂದು ಅಂದುಕೊಳ್ಳಲು ನನಗೆ ನಾಚಿಕೆಯಾಗುತ್ತದೆ. ದಿನವೂ ಇದೇ ಸುತ್ತು, ವಾಕಿಂಗಿಗೆ ಹೋದವನು ಬೇರೆಯವರ ಬ್ಲಾಕಿನ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿ ಬಂದಿದ್ದೇನೆ.

ಇರಲಿ. ಬರೆಯುತ್ತಾ ಎಲ್ಲಿಗೋ ಹೋದೆ. ಬೇಸಿಗೆಯಲ್ಲಿ ಹಂಸಿನಿಗೆ ರಜೆ ಬಂದ ಕೂಡಲೇ ನಾವೆಲ್ಲ ಅಲ್ಲಿಗೆ ಬರುವ ಯೋಚನೆಯಿದೆ. ಲೀಲಾ ನಿನಗೆ ಇಲ್ಲಿಯ ಮೃದುವಾದ ಉಣ್ಣೆಯ ಶಾಲು ತೆಗೆದಿಟ್ಟಿದ್ದಾಳೆ, ದಾವಣಗೆರೆಯ ಸೆಖೆಗೆ ಶಾಲು ಯಾಕೆ ಎಂದು ಕೇಳಿದ್ದಕ್ಕೆ ಎರಡು ದಿನ ನನ್ನೊಡನೆ ಮಾತು ಬಿಟ್ಟಿದ್ದಳು. ಧಾರಿಣಿಗೆ, ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ಚಂದ್ರಕಾಂತ, ಶ್ರೀಲಕ್ಷ್ಮಿ, ಹಂಸಿನಿ ಮೂವರೂ ನಿನಗೆ ನಮಸ್ಕಾರ ಹೇಳಿದ್ದಾರೆ. ರಾತ್ರಿ ಎದ್ದಾಗ ದೀಪ ಹಾಕಿಕೊಂಡೇ ನಡೆ. ನೀನು ಹಿಂದಿನಿಂದ ಹೇಗೆ ನನ್ನ ತಲೆ ಕಾಯುತ್ತಾ ಬಂದಿದ್ದೀಯೋ ಹಾಗೇ ಇನ್ನೂ ಬಹಳ ಕಾಲ ಕಾಯಬೇಕು, ಅದಕ್ಕೆ ಬೇಕಾದ ಆರೋಗ್ಯ ದೇವರು ನಿನಗೆ ಕೊಡಲಿ.

ನಿನ್ನ
ಮೂರ್ತಿ

ಮರೆತ ಮಾತು: ಮರೆತದ್ದೇನಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಚಂದ್ರಕಾಂತ ಸ್ಪೀಡ್ ಪೋಸ್ಟಿಗೆ ಹೊರಟು ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಹಾಡು ಕಟ್ಟಿದವರು ಎಂಬಲ್ಲಿ ಹಂಸಿನಿಯಿಂದ ನಿನ್ನ ಹೆಸರನ್ನೇ ಬರೆಸಿದ್ದೇನೆ. ಕುರ್ಚಿಯಲ್ಲಿ ಕೂತು ಹೇಳಿದ ಮಾತನ್ನೂ ನಿನ್ನೆ ಬದಲಾಯಿಸಿ ಹೇಳಿದೆ, 'ಇದು ನನ್ನ ಅಕ್ಕ ನನಗೆ ಹಾಡಿದ್ದು' ಎಂದು. ಅಷ್ಟು ಹೇಳಿದ ಮೇಲೆ ಮುಂದಿನ ಮಾತು ಬಾಯಿಗೆ ಬರಲಿಲ್ಲ, ಹಂಸಿನಿ ಅಷ್ಟೇ ಸಾಕು ಎಂದಳು. ಹಾಗಾಗಿ ಈಗ ನಿನ್ನ ಅನುಮತಿ ಬೇಕು ಅಕ್ಕಾ. ಇಷ್ಟು ವರ್ಷ ನಾವ್ಯಾರೂ ಕೇಳಲಿಲ್ಲ, ಈಗ ಕೇಳುತ್ತಿದ್ದೇನೆ. ಒಂದು ಹಾಳೆಯ ಮೇಲೆ ಆಗಲಿ ಎಂದೋ ಬೇಡ ಎಂದೋ ಬರೆದು, ಕೆಳಗೆ ಶಾರದಮ್ಮ ಎಂದು ನಿನ್ನ ಕೈಯಾರೆ ಸಹಿ ಹಾಕು. ಧಾರಿಣಿ ಅದರ ಫೋಟೋ ತೆಗೆದು ಕಳಿಸಲಿ. ಬೇಡ ಎಂದರೆ ಹಂಸಿನಿ ಹಾಡನ್ನು ತೆಗೆದುಬಿಡುತ್ತಾಳೆ, ಅತ್ತಳು, ಆದರೆ ಒಪ್ಪಿದ್ದಾಳೆ. ಆಗಲಿ ಎಂದರೂ ಸರಿ, ಬೇಡ ಎಂದರೂ ಸರಿ. 'ಅದು ಅಮ್ಮನ ಹಾಡು ಕಣೋ, ನನ್ನನ್ನು ಯಾಕೆ ಕೇಳ್ತೀಯ' ಎಂದು ಮಾತ್ರ ಬರೆಯಬೇಡ. ಅಮ್ಮ ನನ್ನ ಆ ಎರಡು ಹಲ್ಲು ನೋಡಲಿಲ್ಲ. ನೋಡಿದವಳು ನೀನು.